ತಪ್ಪುಕಾಣಿಕೆ ಯಾರಿಗೆ?

ಮ್ಯಾಥ್ಯೂ ಸ್ಕಡರ್ ನ್ಯೂಯಾರ್ಕಿನ ಖಾಸಗಿ ಪತ್ತೇದಾರ. ಲೈಸೆನ್ಸಿಲ್ಲ, ಆಫೀಸಿಲ್ಲ, ಬಾಗಿಲ ಮೇಲೆ ಬೋರ್ಡಿಲ್ಲ. ಹೋಟೆಲೊಂದರ ರೂಮಿನಲ್ಲಿ ಒಬ್ಬನೇ ಇರುತ್ತಾನೆ. ಯಾರೋ ಕಷ್ಟ ಹೇಳಿಕೊಂಡು ಬಂದರೆ ಕೆಲಸ ಹಿಡಿಯುತ್ತಾನೆ. ಕೈಗೆ ಬಂದ ದುಡ್ಡಿನಲ್ಲಿ ಹತ್ತರಲ್ಲೊಂದು ಪಾಲನ್ನು ದಾರಿಯಲ್ಲಿ ಸಿಕ್ಕ ಚರ್ಚಿನ ಹುಂಡಿಗೆ ಹಾಕುತ್ತಾನೆ. ಅವನು ಭಕ್ತನಲ್ಲ, ಪ್ರಾರ್ಥನೆಗೆ ನಿಲ್ಲುವವನೂ ಅಲ್ಲ. ಕ್ಯಾಥೊಲಿಕ್ ಚರ್ಚುಗಳಿಗೆ ಹೆಚ್ಚು ದುಡ್ಡು ಹೋಗುತ್ತದೆ, ಯಾಕೆಂದರೆ ಅವು ಹೆಚ್ಚು ಹೊತ್ತು ಬಾಗಿಲು ತೆರೆದಿರುತ್ತವೆ. ಯಾಕೆ ಹಾಕುತ್ತೀಯ ಎಂದು ಕೇಳಿದರೆ ಅವನಲ್ಲಿ ಸರಿಯಾದ ಉತ್ತರವಿಲ್ಲ.

ಲಾರೆನ್ಸ್ ಬ್ಲಾಕ್ ಈ ಸ್ಕಡರನನ್ನು ಮೊದಲು ತಂದದ್ದು 1976ರಲ್ಲಿ. ಆಗ ಅವನು ಕುಡಿಯುತ್ತಿದ್ದ. 1982ರಲ್ಲಿ ಬಂದ 'ಏಟ್ ಮಿಲಿಯನ್ ವೇಸ್ ಟು ಡೈ' ಕಾದಂಬರಿಯಲ್ಲಿ ಕುಡಿತ ಬಿಡಲು ಒದ್ದಾಡುತ್ತಾನೆ. ಮೈಸೂರಿನ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕಗಳ ರಾಶಿಯಿಂದ ನಾನು ಎತ್ತಿಕೊಂಡದ್ದು ಅದನ್ನೇ. ಬೇಗೂರಿಗೆ ಬರುವ ಬಸ್ಸಿನಲ್ಲಿ ಓದಲು ಶುರುಮಾಡಿ, ನಂಜನಗೂಡು ದಾಟಿದ್ದು ಗೊತ್ತಾಗಲಿಲ್ಲ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತಳಾದವಳು ನಾನು. ಆದರೆ ಆ ಪುಸ್ತಕ ನನ್ನನ್ನು ಹಿಡಿದದ್ದು ಭಾಷೆಯಿಂದಲ್ಲ. ಅದರಲ್ಲಿ ನಮ್ಮ ಮನೆಯ ಒಂದು ಪ್ರಶ್ನೆ ಇತ್ತು.

ಪತ್ತೇದಾರಿ ಕಾದಂಬರಿ ನನಗೆ ಹೊಸದಲ್ಲ. ನನ್ನ ವಯಸ್ಸಿನವರೆಲ್ಲ ಎನ್. ನರಸಿಂಹಯ್ಯನವರನ್ನು ಓದಿಯೇ ಬೆಳೆದವರು. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟ ಆ ಮನುಷ್ಯ 1952ರಿಂದ ಮುಂದೆ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದು, ಅಕ್ಷರ ಕೂಡಿಸಿ ಓದುವವರನ್ನೂ ಓದುಗರನ್ನಾಗಿ ಮಾಡಿದರು. ಅವರ ಪತ್ತೇದಾರ ಪುರುಷೋತ್ತಮ ಶುದ್ಧ ಮನುಷ್ಯ. ತಪ್ಪು ಮಾಡಿದವನು ಆ ಕಡೆ, ಹಿಡಿಯುವವನು ಈ ಕಡೆ. ಸ್ಕಡರನಲ್ಲಿ ಆ ಗೆರೆಯೇ ಅಳಿಸಿಹೋಗಿದೆ. ಅವನು ಮೊದಲು ಪೊಲೀಸಿನವನಾಗಿದ್ದ. ಒಂದು ರಾತ್ರಿ ಡ್ಯೂಟಿ ಮುಗಿಸಿ ಬಾರಿನಲ್ಲಿ ಕೂತಿದ್ದಾಗ ಇಬ್ಬರು ಕಳ್ಳರು ನುಗ್ಗಿ ಬಾರಿನವನನ್ನು ಕೊಲ್ಲುತ್ತಾರೆ. ಇವನು ಹಿಂದೆ ಓಡಿ ಗುಂಡು ಹಾರಿಸುತ್ತಾನೆ. ಒಂದು ಗುಂಡು ಎಲ್ಲೋ ತಗುಲಿ, ಪುಟಿದು, ಎಸ್ಟ್ರೆಲಿಟಾ ರಿವೇರಾ ಎಂಬ ಪುಟ್ಟ ಹುಡುಗಿಯ ಕಣ್ಣಿಗೆ ಬಡಿಯುತ್ತದೆ. ಇಲಾಖೆ ಅವನನ್ನು ದೂರುವುದಿಲ್ಲ, ಬೆನ್ನು ತಟ್ಟುತ್ತದೆ. ಅವನು ಕೆಲಸ ಬಿಡುತ್ತಾನೆ, ಹೆಂಡತಿ ಮಕ್ಕಳನ್ನು ಬಿಡುತ್ತಾನೆ, ಕುಡಿತವನ್ನು ಹಿಡಿಯುತ್ತಾನೆ. ಹುಂಡಿಗೆ ದುಡ್ಡು ಹಾಕುವುದು ಅಲ್ಲಿಂದ ಶುರು.

ನಮ್ಮ ಸೀಮೆಯವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಅದು ತಪ್ಪುಕಾಣಿಕೆ. ನಂಜುಂಡೇಶ್ವರನಿಗೆ, ಮಾದಪ್ಪನಿಗೆ, ಹಿಮವದ್ ಗೋಪಾಲಸ್ವಾಮಿಗೆ, ಊರ ಮಾರಿಗುಡಿಗೆ ನಾವೆಲ್ಲ ಕಟ್ಟಿದವರೇ. ನನ್ನ ಅಪ್ಪನೂ ಕಟ್ಟುತ್ತಿದ್ದ. ಬೇಗೂರಿನ ಮೇನ್ ರೋಡಿನಲ್ಲಿ, ಊಟಿಗೆ ಹೋಗುವ ಬಸ್ಸುಗಳ ಧೂಳು ಒಳಗೆ ಬರುವ ಒಂದು ಗೂಡಿನಲ್ಲಿ, ಅಪ್ಪ ಹೊಲಿಗೆ ಮಿಷನ್ನು ತುಳಿಯುತ್ತಿದ್ದ. ಕೈ ಬಹಳ ಚೆಂದ. ಸಾಯಂಕಾಲವಾಗುತ್ತಲೇ ಸಾರಾಯಿ ಪ್ಯಾಕೆಟ್ಟು. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಂದು. ಅದಕ್ಕೆ ಎಷ್ಟೋ ಮೊದಲೇ ನಮ್ಮ ಮನೆಯಲ್ಲಿ ಆಗಬೇಕಾದದ್ದು ಆಗಿಹೋಗಿತ್ತು. ಒಂದು ರಾತ್ರಿ ಅಪ್ಪ ಅವ್ವನ ಎಡಗೈ ತಿರುಚಿದ. ಮಣಿಕಟ್ಟು ಮುರಿಯಿತು, ಸೊಟ್ಟಗೆ ಕೂಡಿಕೊಂಡಿತು. ಬೆಳಿಗ್ಗೆ ಎದ್ದವನು ಕೈ ನೋಡಿ, ಏನಾಯಿತು ಎಂದು ಕೇಳಿದ. ಅವ್ವ, ಬಚ್ಚಲಲ್ಲಿ ಜಾರಿಬಿದ್ದೆ ಅಂದಳು. ಆಸ್ಪತ್ರೆಯ ಚೀಟಿಯಲ್ಲೂ ಹಾಗೇ ಬರೆಸಿದಳು. ತವರಿನವರಿಗೂ ಅದನ್ನೇ ಹೇಳಿದಳು.

ಅಪ್ಪನಿಗೆ ನಿಜವಾಗಿಯೂ ನೆನಪಿರಲಿಲ್ಲ ಎಂದೇ ನಾನು ನಂಬಿದ್ದೇನೆ. ಮಿತಿಮೀರಿ ಕುಡಿದವನಿಗೆ ಇದು ಆಗುತ್ತದೆ. ನಡೆಯುತ್ತಾನೆ, ಮಾತಾಡುತ್ತಾನೆ, ಬಾಗಿಲ ಅಗುಳಿ ತೆಗೆಯುತ್ತಾನೆ, ಆದರೆ ಮಿದುಳು ಯಾವುದನ್ನೂ ಹಿಡಿದಿಟ್ಟುಕೊಂಡಿರುವುದಿಲ್ಲ. ಮರೆತದ್ದಲ್ಲ, ಅಲ್ಲಿ ಬರಹವೇ ಬಿದ್ದಿರುವುದಿಲ್ಲ. ಸ್ಕಡರನಿಗೂ ಹಾಗಾಗುತ್ತದೆ. ಆಸ್ಪತ್ರೆಯ ಹಾಸಿಗೆಯಲ್ಲಿ ಎಚ್ಚರವಾದಾಗ ಹಿಂದಿನ ದಿನಗಳು ಅವನ ಲೆಕ್ಕದಲ್ಲೇ ಇಲ್ಲ. ಪತ್ತೇದಾರನೇ ತನ್ನ ದಿನಗಳ ಸಾಕ್ಷಿಯಲ್ಲ.

ಹಾಗಾದರೆ ನೆನಪಿಲ್ಲದ ತಪ್ಪಿಗೆ ಯಾರು ಹೊಣೆ?

ಇದು ಹಳೆಯ ಪ್ರಶ್ನೆ. ಗ್ರೀಸಿನ ಮಿಟಿಲೀನಿಯಲ್ಲಿ ಪಿಟ್ಟಾಕಸ್ ಎಂಬ ಆಡಳಿತಗಾರ, ಕುಡಿದು ಮಾಡಿದ ತಪ್ಪಿಗೆ ಹೆಚ್ಚಿನ ದಂಡ ಎಂದು ಕಾನೂನು ಮಾಡಿದ್ದನೆಂದು ಅರಿಸ್ಟಾಟಲ್ ಹೇಳುತ್ತಾನೆ. ಕುಡಿಯದೇ ಇರುವುದು ನಿನ್ನ ಕೈಯಲ್ಲೇ ಇತ್ತಲ್ಲ ಎನ್ನುವುದು ಅರಿಸ್ಟಾಟಲನ ವಾದ. ನಮ್ಮ ದೇಶದ ಕಾನೂನೂ ಹೆಚ್ಚುಕಡಿಮೆ ಅದೇ ದಾರಿಯಲ್ಲಿದೆ. ಹಳೆಯ ದಂಡಸಂಹಿತೆಯ 85 ಮತ್ತು 86ನೇ ಕಲಂಗಳು 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 23 ಮತ್ತು 24 ಆಗಿವೆ. ಬೇರೆಯವರು ಬಲವಂತವಾಗಿ ಅಥವಾ ಗೊತ್ತಾಗದಂತೆ ಕುಡಿಸಿದ್ದರೆ ರಿಯಾಯಿತಿ ಉಂಟು, ತಾನಾಗಿ ಕುಡಿದವನಿಗೆ ಇಲ್ಲ.

ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ ಮಾತ್ರ ಬೇರೆ ಮಾತು ಹೇಳಿದ. ಅವನ ದೊಡ್ಡ ಗ್ರಂಥದ ಎರಡನೆಯ ಮುದ್ರಣಕ್ಕೆ, 1694ರಲ್ಲಿ, ಮನುಷ್ಯ ನಿನ್ನೆಯೂ ಇಂದೂ ಒಬ್ಬನೇ ಆಗಿರುವುದು ಹೇಗೆ ಎಂಬ ಅಧ್ಯಾಯವೊಂದನ್ನು ಸೇರಿಸಿದ. ನೆನಪು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಮಾತ್ರ ಅದು ನಾನು ಎನ್ನುವುದು ಅವನ ನಿಲುವು. ಕುಡುಕನ ಉದಾಹರಣೆಯನ್ನು ಅವನೇ ತೆಗೆಯುತ್ತಾನೆ. ಮರೆತದ್ದು ನಿಜವೋ ಸುಳ್ಳೋ ಎಂದು ಮನುಷ್ಯರ ಕೋರ್ಟಿಗೆ ಗೊತ್ತುಮಾಡಲು ಆಗದು, ಆದ್ದರಿಂದ ಶಿಕ್ಷೆ ಕೊಡುತ್ತದೆ. ಆದರೆ ಎಲ್ಲರ ಮನಸ್ಸಿನ ಗುಟ್ಟೂ ತೆರೆದುಕೊಳ್ಳುವ ದೇವರ ಕೊನೆಯ ತೀರ್ಪಿನ ದಿನ, ತನಗೆ ಏನೂ ಗೊತ್ತಿಲ್ಲದ ಕೃತ್ಯಕ್ಕೆ ಯಾರೂ ಉತ್ತರ ಕೊಡಬೇಕಾಗಿ ಬರಲಾರದು ಎಂದು ಲಾಕ್ ಭಾವಿಸಿದ. ಮೊದಲ ಸಲ ಇದನ್ನು ಓದಿದಾಗ ನನಗೆ ಅಪ್ಪನ ಬಗ್ಗೆ ಸ್ವಲ್ಪ ನಿರಾಳವಾಯಿತು. ಆಮೇಲೆ ಅವ್ವ ಎಡಗೈಯಲ್ಲಿ ನೀರಿನ ಚೊಂಬು ಎತ್ತಲಾರದೆ ಬಲಗೈಗೆ ಬದಲಿಸಿಕೊಳ್ಳುವುದನ್ನು ನೋಡಿದೆ. ಲಾಕ್‌ನ ದೇವರು ಅಪ್ಪನ ಮನಸ್ಸನ್ನು ತೆರೆದು ನೋಡುತ್ತಾನೆ. ಅವ್ವನ ಕೈಯನ್ನು ಯಾರು ನೋಡಬೇಕು?

ನಮ್ಮ ಶಾಸ್ತ್ರಗಳಿಗೆ ಬಂದರೆ ಅಲ್ಲಿಯೂ ನನ್ನ ಪ್ರಶ್ನೆಗೆ ಜಾಗ ಸಿಗಲಿಲ್ಲ. ಬ್ರಹ್ಮಹತ್ಯೆ, ಸುರಾಪಾನ, ಕಳ್ಳತನ, ಗುರುಪತ್ನೀಗಮನ, ಇವನ್ನು ಮಾಡಿದವರ ಸಹವಾಸ, ಇವು ಐದು ಮಹಾಪಾತಕಗಳು. ಸುರಾಪಾನಕ್ಕೆ ಮನು ಹೇಳುವ ಪ್ರಾಯಶ್ಚಿತ್ತ, ಕುದಿಯುವ ಸುರೆಯನ್ನು ಕುಡಿದು ದೇಹವನ್ನು ಸುಟ್ಟುಕೊಳ್ಳುವುದು. ಕುಡಿದದ್ದೇ ಪಾಪ, ಕುಡಿದವನ ಮೈಗೇ ಶಿಕ್ಷೆ. ಆ ಪಟ್ಟಿಯಲ್ಲಿ ಹೆಂಡತಿಯ ಮಣಿಕಟ್ಟು ಇಲ್ಲ.

ನಮ್ಮದು ಮಂಟೇಸ್ವಾಮಿ ಒಕ್ಕಲು. ನೀಲಗಾರರು ರಾತ್ರಿಯಿಡೀ ಹಾಡುವ ಕಥೆಯಲ್ಲಿ ಮಂಟೇದಲಿಂಗಯ್ಯ ಕಲ್ಯಾಣಕ್ಕೆ ಬರುವುದು ಮಡಿಯುಟ್ಟುಕೊಂಡಲ್ಲ, ಮೈತುಂಬ ಕೊಳೆ ಬಳಿದುಕೊಂಡು, ಹೆಂಡ ಹೊತ್ತುಕೊಂಡು. ಬಾಗಿಲಲ್ಲಿ ಅವನನ್ನು ತಳ್ಳುತ್ತಾರೆ. ಬಸವಣ್ಣ ಅವನನ್ನು ಹುಡುಕಿಕೊಂಡು ತಿಪ್ಪೆಯ ಹತ್ತಿರ ಹೋಗಬೇಕಾಗುತ್ತದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡ ಮಾರುವ ಕಾಯಕದ ಮಾರಯ್ಯನೂ ಒಬ್ಬ, ಅವನ ವಚನಗಳು ನಮಗೆ ಉಳಿದಿವೆ. ಚಿಕ್ಕಲ್ಲೂರಿನ ಜಾತ್ರೆಗೆ ಹೋಗಿಬಂದ ನಮ್ಮಂಥವರಿಗೆ, ಹೆಂಡ ಮುಟ್ಟಿದ ಮಾತ್ರಕ್ಕೆ ದೇವರು ದೂರವಾಗುತ್ತಾನೆಂದು ಯಾರೂ ಹೇಳಿಕೊಟ್ಟಿಲ್ಲ. ಇದು ನನಗೆ ದೊಡ್ಡ ಸಹಾಯ. ಪಾಪವನ್ನು ಗಡಿಗೆಯಲ್ಲಿ ಹುಡುಕುವುದನ್ನು ಬಿಟ್ಟರೆ ಉಳಿಯುವುದು ಕೈ. ಆ ರಾತ್ರಿ ತಪ್ಪು ನಡೆದದ್ದು ಅಪ್ಪನ ಗಂಟಲಲ್ಲಲ್ಲ, ಅವ್ವನ ಮಣಿಕಟ್ಟಿನಲ್ಲಿ.

ಅಪ್ಪ ಕುಡಿತ ಬಿಟ್ಟ. ಅದನ್ನು ನಾನು ಸಣ್ಣ ಮಾತೆಂದು ಹೇಳುವವಳಲ್ಲ. ಅಯ್ಯಪ್ಪನ ಮಾಲೆ ಹಾಕಿದಾಗೆಲ್ಲ ವ್ರತ ಮುಗಿಯುವವರೆಗೆ ಮುಟ್ಟುತ್ತಿರಲಿಲ್ಲ, ಮಾಲೆ ತೆಗೆದ ದಿನ ಸಾಯಂಕಾಲಕ್ಕೆ ಮತ್ತೆ ಅದೇ. ನಮ್ಮ ಕಡೆ ಎಷ್ಟೋ ಗಂಡಸರದು ಇದೇ ಪಾಡು. ಒಂದು ವರ್ಷ ಮಾಲೆ ತೆಗೆದವನು ಮರಳಿ ಹೋಗಲಿಲ್ಲ. ಸೋಮವಾರ ಸೋಮವಾರ ಹಳದಿ ಬಟ್ಟೆಗೆ ಒಂದು ನಾಣ್ಯ ಹಾಕಿ ಗಂಟು ಕಟ್ಟುತ್ತಿದ್ದ, ಅಮಾವಾಸ್ಯೆಗೆ ಬೆಟ್ಟಕ್ಕೆ ಹೋದಾಗ ಮಾದಪ್ಪನ ಹುಂಡಿಗೆ ಸುರಿದು ಬರುತ್ತಿದ್ದ. ಉರುಳುಸೇವೆ ಮಾಡಿದ, ಮುಡಿ ಕೊಟ್ಟ. ಅವ್ವನಿಗೆ ಮಾತ್ರ ಒಂದು ಮಾತು ಹೇಳಲಿಲ್ಲ.

ಕುಡಿತ ಬಿಡುವವರ ಕೂಟಗಳಲ್ಲಿ ಜಗತ್ತಿಗೆಲ್ಲ ಗೊತ್ತಿರುವುದು ಆಲ್ಕೊಹಾಲಿಕ್ಸ್ ಅನಾನಿಮಸ್. 1935ರ ಜೂನಿನಲ್ಲಿ ಅಮೆರಿಕದ ಓಹಾಯೋ ಪ್ರಾಂತ್ಯದ ಅಕ್ರನ್ ಊರಿನಲ್ಲಿ, ಶೇರು ವ್ಯವಹಾರದ ಬಿಲ್ ವಿಲ್ಸನ್ ಮತ್ತು ಶಸ್ತ್ರಚಿಕಿತ್ಸೆಯ ಡಾಕ್ಟರ್ ಬಾಬ್ ಸ್ಮಿತ್ ಎಂಬ ಇಬ್ಬರು ಕುಡುಕರು ಸೇರಿ ಕಟ್ಟಿದ್ದು. ಹನ್ನೆರಡು ಮೆಟ್ಟಿಲುಗಳ ದಾರಿ ಅದು. ನಮ್ಮ ಕೈಯಲ್ಲಿ ಆಗದು ಎಂದು ಒಪ್ಪಿ, ನಮಗೆ ತಿಳಿದ ರೂಪದ ದೇವರಿಗೆ ಒಪ್ಪಿಸಿಕೊಳ್ಳುವುದರಿಂದ ಶುರು. ಇಲ್ಲಿಗೇ ಮುಗಿದಿದ್ದರೆ ಅದು ನಮ್ಮ ಹರಕೆಗಿಂತ ಬೇರೆಯಾಗುತ್ತಿರಲಿಲ್ಲ. ಎಂಟನೆಯ ಮೆಟ್ಟಿಲಿನಲ್ಲಿ ಅವರು ಕಾಗದ ಪೆನ್ನು ಹಿಡಿಸುತ್ತಾರೆ. ನೋಯಿಸಿದವರ ಹೆಸರುಗಳನ್ನೆಲ್ಲ ಬರೆಯಬೇಕು. ಒಂಬತ್ತನೆಯದರಲ್ಲಿ ಅವರ ಬಾಗಿಲಿಗೇ ಹೋಗಿ ಆದಷ್ಟು ಸರಿಮಾಡಬೇಕು, ಹಾಗೆ ಹೋಗುವುದರಿಂದ ಅವರಿಗೋ ಮತ್ತೊಬ್ಬರಿಗೋ ಹೊಸ ಹಾನಿಯಾಗುವುದಾದರೆ ಮಾತ್ರ ಬಿಡಬೇಕು.

ಆ ಕೊನೆಯ ಎಚ್ಚರಿಕೆಯ ಭಾರ ಎಷ್ಟೆಂದು ಬ್ಲಾಕ್ 2011ರ 'ಎ ಡ್ರಾಪ್ ಆಫ್ ದ ಹಾರ್ಡ್ ಸ್ಟಫ್' ಕಾದಂಬರಿಯಲ್ಲಿ ತೋರಿಸುತ್ತಾನೆ. ಜ್ಯಾಕ್ ಎಲರಿ ಸ್ಕಡರನ ಬಾಲ್ಯದ ಪರಿಚಯದವನು. ಕುಡಿತವನ್ನೂ ಕಳ್ಳತನವನ್ನೂ ಬಿಟ್ಟು ಪಟ್ಟಿ ಬರೆದು, ಒಬ್ಬೊಬ್ಬರ ಮನೆಗೂ ಹೋಗಿ ತಪ್ಪೊಪ್ಪಿಕೊಳ್ಳಲು ಹೊರಡುತ್ತಾನೆ. ಒಂದು ಕಡೆ ಒದೆ ತಿನ್ನುತ್ತಾನೆ. ಆಮೇಲೆ ಯಾರೋ ಅವನನ್ನು ಗುಂಡಿಟ್ಟು ಕೊಲ್ಲುತ್ತಾರೆ. ಸ್ಕಡರ್ ಆ ಪಟ್ಟಿಯನ್ನೇ ಹಿಡಿದು ಮನೆಮನೆ ತಿರುಗುತ್ತಾನೆ. ಕುಡಿತ ಬಿಟ್ಟವನು ಮಾಡಬೇಕಾದ ಕೆಲಸವೂ ಪತ್ತೇದಾರನ ಕೆಲಸವೂ ಈ ಪುಸ್ತಕದಲ್ಲಿ ಒಂದೇ ಆಗಿಬಿಡುತ್ತವೆ. ಬಾಗಿಲು ತಟ್ಟುವುದು, ಕೂರುವುದು, ಅಂದು ಏನಾಯಿತು ಎಂದು ಕೇಳುವುದು.

ಕೇಳುವುದು ಎಂಬಲ್ಲಿಗೆ ನಾನು ಬಂದು ನಿಂತೆ. ತಪ್ಪೊಪ್ಪಿಗೆಯೆಂದರೆ ಹೇಳುವ ಕೆಲಸವೆಂದೇ ನಾವು ತಿಳಿದಿರುತ್ತೇವೆ. ಕುಡಿದವನಿಗೆ ಹೇಳಲು ಏನಿದೆ, ಅವನಿಗೆ ಗೊತ್ತೇ ಇಲ್ಲವಲ್ಲ? ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಮಹಾಭಾರತದ ಆದಿಪರ್ವದಲ್ಲಿ.

ಬೃಹಸ್ಪತಿಯ ಮಗ ಕಚ ಶುಕ್ರಾಚಾರ್ಯರ ಬಳಿ ಮೃತಸಂಜೀವಿನಿ ಕಲಿಯಲು ಬಂದ ಕಥೆಯನ್ನು ಎಲ್ಲರೂ ಕೇಳಿದ್ದೇವೆ. ಅಸುರರು ಅವನನ್ನು ಮತ್ತೆ ಮತ್ತೆ ಕೊಲ್ಲುತ್ತಾರೆ, ಶುಕ್ರ ಮತ್ತೆ ಮತ್ತೆ ಬದುಕಿಸುತ್ತಾನೆ. ಕೊನೆಗೆ ಸುಟ್ಟು ಬೂದಿಮಾಡಿ ಗುರುವಿನ ಸುರೆಯಲ್ಲೇ ಕಲಸಿ ಕೊಡುತ್ತಾರೆ. ಗುರು ಕುಡಿಯುತ್ತಾನೆ. ಅವನ ಮಗಳು ದೇವಯಾನಿ ಅಳುತ್ತಾಳೆ. ಶುಕ್ರ ಮಂತ್ರ ಹೇಳಿ ಕರೆದರೆ ದನಿ ತನ್ನ ಹೊಟ್ಟೆಯೊಳಗಿಂದಲೇ ಬರುತ್ತದೆ. ನೀನು ಇಲ್ಲಿ ಹೇಗೆ ಬಂದೆ ಎಂದು ಗುರು ಕೇಳುತ್ತಾನೆ. ಆಗ ಕಚ, ನಿಮ್ಮ ಕೃಪೆಯಿಂದ ನೆನಪು ನನ್ನನ್ನು ಬಿಟ್ಟಿಲ್ಲ, ನಡೆದದ್ದೆಲ್ಲ ನಡೆದ ಹಾಗೇ ಗೊತ್ತಿದೆ ಎಂಬರ್ಥದ ಮಾತಾಡಿ, ಸುಟ್ಟದ್ದು, ಪುಡಿಮಾಡಿದ್ದು, ಕಲಸಿದ್ದು ಎಲ್ಲವನ್ನೂ ಹೇಳುತ್ತಾನೆ.

ಮೂರು ಲೋಕದ ವಿದ್ಯೆ ಬಲ್ಲ ಶುಕ್ರನಿಗೆ ತಾನು ಕುಡಿದದ್ದು ಏನೆಂದು ಗೊತ್ತಿಲ್ಲ. ಗೊತ್ತಿರುವುದು ನುಂಗಿಸಿಕೊಂಡವನಿಗೆ. ಲಾಕ್ ತಪ್ಪಿದ್ದು ಇಲ್ಲಿ ಎಂದು ನನಗೆ ಅನ್ನಿಸುತ್ತದೆ. ಕೃತ್ಯದ ನೆನಪನ್ನು ಅವನು ಮಾಡಿದವನ ತಲೆಯೊಳಗೆ ಮಾತ್ರ ಹುಡುಕಿದ. ಅದು ಇನ್ನೊಬ್ಬರ ಮೈಯಲ್ಲಿ, ಇನ್ನೊಬ್ಬರ ನಾಲಗೆಯ ತುದಿಯಲ್ಲಿ ಕಾದು ಕೂತಿರುತ್ತದೆ. ಯಾರಾದರೂ ಕೇಳಿದರೆ ಸಾಕು. ಶುಕ್ರನ ದೊಡ್ಡತನ ಆಮೇಲೆ ಮದ್ಯವನ್ನು ಶಪಿಸಿದ್ದರಲ್ಲಿಲ್ಲ. ಅವನು ಕೇಳಿದ. ಉತ್ತರ ಬಂದರೆ ತನ್ನ ಹೊಟ್ಟೆ ಸೀಳುತ್ತದೆಂದು ತಿಳಿದ ಮೇಲೂ ಕಚನಿಗೆ ಮಂತ್ರ ಕಲಿಸಿ ಹೊರಗೆ ಕರೆದ.

ಅಪ್ಪನೂ ಕೇಳಬಹುದಾಗಿತ್ತು. ಅವ್ವ ಪಕ್ಕದ ಕೋಣೆಯಲ್ಲೇ ಇದ್ದಳು. ಅವನ ಮುಡಿಪು ವಿಳಾಸ ತಪ್ಪಿದ ಕಾಗದದ ಹಾಗೆ ತಿಂಗಳು ತಿಂಗಳೂ ಬೆಟ್ಟ ಹತ್ತಿತು.

ದೇವರಿಗೆ ಕೊಡುವ ಕಾಣಿಕೆ ವ್ಯರ್ಥ ಎಂದು ನಾನು ಹೇಳುತ್ತಿಲ್ಲ. ಸ್ಕಡರ್ ಯಾರ ಬಾಗಿಲಿಗೆ ಹೋಗಬೇಕು? ಎಸ್ಟ್ರೆಲಿಟಾ ಸತ್ತಿದ್ದಾಳೆ. ಸತ್ತವರಿಗೆ ತೀರಿಸಬೇಕಾದ ಸಾಲವನ್ನು ಹೊತ್ತು ತಿರುಗುವವನಿಗೆ ಎಲ್ಲಾದರೂ ಇಳಿಸಲು ಒಂದು ಜಾಗ ಬೇಕು. ನಂಬಿಕೆಯಿಲ್ಲದಿದ್ದರೂ ಅವನು ಚರ್ಚಿಗೆ ಹೋಗಿ ಮೇಣದಬತ್ತಿ ಹಚ್ಚುತ್ತಾನೆ, ಹತ್ತರಲ್ಲೊಂದು ಹಾಕುತ್ತಾನೆ. ಇಸಿದುಕೊಳ್ಳುವವರು ಯಾರೂ ಉಳಿಯದ ಸಾಲಕ್ಕೆ ಹುಂಡಿ ಇರಲಿ. ಇಸಿದುಕೊಳ್ಳುವವರು ಮನೆಯಲ್ಲೇ ಸೊಟ್ಟಗೈಯಲ್ಲಿ ರಾಗಿ ಕೇರುತ್ತಿರುವಾಗ ಮಾದಪ್ಪ ಅವರ ಪರವಾಗಿ ರಸೀದಿ ಬರೆದುಕೊಡುತ್ತಾನೆಯೇ? ಬರೆಯಲಾರ ಎಂದು ನನ್ನ ನಂಬಿಕೆ. ಮಾದಪ್ಪನ ಮೇಲೆ ನನಗಿರುವ ಭಕ್ತಿಯಿಂದಲೇ ಹೇಳುತ್ತಿದ್ದೇನೆ.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ರಾಜ್ಯದ ಊರೂರಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಎಂಟು ದಿನ ಒಂದೇ ಕಡೆ ಇರಿಸಿಕೊಂಡು, ಭಜನೆ, ವ್ಯಾಯಾಮ, ಮಾತುಕತೆ, ಔಷಧಿ, ಆಮೇಲೆ ಊರಿನಲ್ಲಿ ನವಜೀವನ ಸಮಿತಿ. ಅಂಥ ಒಂದು ಶಿಬಿರದ ಕೊನೆಯ ದಿನ ನಾನು ಹೋಗಿ ಕೂತಿದ್ದೆ. ಗಂಡಸರು ಸಾಲಾಗಿ ನಿಂತು ಇನ್ನು ಮುಟ್ಟುವುದಿಲ್ಲವೆಂದು ದೇವರ ಹೆಸರಿನಲ್ಲಿ ಸಂಕಲ್ಪ ಮಾಡಿದರು. ಹೆಂಡತಿಯರು ಎದುರು ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅಪ್ಪನ ಕಾಲಕ್ಕೆ ಇಂಥದ್ದು ನಮ್ಮೂರಿಗೆ ಬಂದಿದ್ದರೆ ಎಂದು ನನ್ನ ಹೊಟ್ಟೆ ಉರಿಯಿತು. ಸಂಕಲ್ಪ ನಾಳೆಯನ್ನು ಕಾಯುತ್ತದೆ, ಅದು ಬೇಕೇ ಬೇಕು. ನಿನ್ನೆಗೂ ಒಂದು ಗಳಿಗೆ ಇರಲಿ ಎನ್ನುವುದು ನನ್ನ ಆಸೆ. ಎದುರು ಕೂತ ಆ ಹೆಂಗಸರ ಹತ್ತಿರ ಹೋಗಿ, ನನಗೆ ನೆನಪಿಲ್ಲ, ನಿನಗೆ ಇರುವುದನ್ನು ಹೇಳು ಎಂದು ಗಂಡಸು ಕೇಳುವ ಒಂದು ಗಳಿಗೆ. ಹೇಳುವುದೋ ಬಿಡುವುದೋ ಅವಳ ಇಷ್ಟ. ಹೇಳಿದರೆ ತನಗೆ ಅಪಾಯವೆಂದು ಅವಳಿಗೆ ಕಂಡರೆ ಅವಳು ಬಾಯಿ ಬಿಡಬೇಕಾಗಿಲ್ಲ. ಒಂಬತ್ತನೆಯ ಮೆಟ್ಟಿಲಿನ ಎಚ್ಚರಿಕೆ ಇಲ್ಲಿಗೂ ಸಲ್ಲುತ್ತದೆ.

ಈ ವಾದವನ್ನೆಲ್ಲ ನಾನು ಅವ್ವನ ಮುಂದೆ ಇಟ್ಟೆ. ಎಂಬತ್ತು ದಾಟಿದ ಅವಳು ಜಗಲಿಯಲ್ಲಿ ಕಾಲುಚಾಚಿ ಕೂತು ಚೆಂಡುಹೂವಿನ ತೊಟ್ಟು ಬಿಡಿಸುತ್ತಿದ್ದಳು.

"ನಿಮ್ಮಪ್ಪ ಕುಡಿಯದು ಬುಟ್ಮೇಲ ನಾನು ಒಂದು ದಿನ ಬಟ್ಟ ಇಂಡಿಲ್ಲ ಕನವ್ವ," ಅಂದಳು. "ಒಗದು ಕಲ್ಮ್ಯಾಲ ಮಡಗ್ದ್ರ ಅವ್ನೇ ಬಂದು ಇಂಡಿ ಒಣಾಕನು. ಸಾಯಗಂಟ. ಬಾಯಿ ಬುಟ್ಟು ಒಂದು ಮಾತು ಆಡ್ದವ್ನಲ್ಲ."

ಇದು ನನಗೆ ಗೊತ್ತಿರಲಿಲ್ಲ. ನಾನು ಆಗ ನೌಕರಿಯ ಊರಿನಲ್ಲಿದ್ದೆ. ಒದ್ದೆ ಬಟ್ಟೆ ಹಿಂಡಲು ಎರಡೂ ಮಣಿಕಟ್ಟು ಬೇಕು. ಬಚ್ಚಲಲ್ಲಿ ಬಿದ್ದ ಹೆಂಡತಿಯ ಮೇಲಿನ ಕನಿಕರ ಅದಾಗಿತ್ತೇ, ಅಥವಾ ಅವನಿಗೆ ಗೊತ್ತಿತ್ತೇ? ಆ ರಾತ್ರಿಯೇ ಗೊತ್ತಿತ್ತೇ, ಆಮೇಲೆ ಯಾರಾದರೂ ಹೇಳಿದರೇ, ಅವಳ ಕಣ್ಣು ನೋಡಿ ತಾನಾಗಿಯೇ ತಿಳಿದನೇ? ಸಾಕ್ಷಿ ಎರಡೂ ಕಡೆಗೆ ಹೋಗುತ್ತದೆ. ಅವ್ವ ಮಾತ್ರ ತೀರ್ಮಾನ ಮಾಡಿಯಾಗಿತ್ತು, ಗೊತ್ತಿತ್ತು ಎಂದು. ಆ ತೀರ್ಮಾನದ ಮೇಲೆಯೇ ಅವಳು ಅವನೊಂದಿಗೆ ಉಳಿದ ಬಾಳನ್ನು ಬಾಳಿದ್ದಳು.

"ಆದ್ರೂ ಒಂದು ಮಾತು ಕೇಳಬೇಕಾಗಿತ್ತು ಅವ್ವ," ಅಂದೆ.

"ಬಾಯ್ಲಿ ಏಳ್ಬುಟ್ರ ಕೈ ನೆಟ್ಗಾಯ್ತಿತ್ತಾ?"

ನಾನು ಬಿಡಲಿಲ್ಲ. ಕೈಗಾಗಿ ಅಲ್ಲ ಅವ್ವ, ಬಚ್ಚಲಿಗಾಗಿ ಅಂದೆ. ನೀನು ಜಾರಿಬಿದ್ದವಳು ಎಂದು ತವರಿನವರು ನಂಬಿದರು, ನೆರೆಯವರು ನಂಬಿದರು, ನಿನ್ನ ಮೊಮ್ಮಕ್ಕಳು ಇವತ್ತಿಗೂ ಬಚ್ಚಲಿಗೆ ಹೋಗುವಾಗ ಜೋಪಾನ ಅಜ್ಜಿ ಅನ್ನುತ್ತಾರೆ. ಅವನ ಮಾನ ಉಳಿಸಲು ನೀನು ಹೊತ್ತ ಸುಳ್ಳು ಅದು. ಅದನ್ನು ನಿನ್ನ ತಲೆಯಿಂದ ಇಳಿಸುವ ಹಕ್ಕು ಅವನೊಬ್ಬನಿಗಿತ್ತು, ಬಟ್ಟೆ ಹಿಂಡಿದರೆ ಅದು ಇಳಿಯುವುದಿಲ್ಲ. ಅವ್ವ ಒಪ್ಪಲಿಲ್ಲ. ಸತ್ತವನ ಮೇಲೆ ಏನು ಮಾತು ಅಂದಳು. ಹೂವಿನ ಮಂಕರಿ ಎತ್ತಿಕೊಂಡು ಒಳಗೆ ಹೋದಳು.

ಇದನ್ನೆಲ್ಲ ಬರೆಯಬಹುದೇ ಎಂದು ಆಮೇಲೆ ಅವಳನ್ನೇ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು.

"ಬರಿ ಮಗ," ಅಂದಳು. "ಬಚ್ಚಲಲ್ಲಿ ಜಾರ್ಬುದ್ದಳು ಅಂತ ಮಾತ್ರ ಬರಿಬ್ಯಾಡ."